ರಶೀದಾಬೇಗಂ ಬಿಗಿದ ನಟ್ಟು

"ಇದು ಬೀಸೋ ಕಲ್ಲಿಂದ ಆದ ದಡ್ಡು ಅಲ್ಲ, ತಂಗಿ," ಎಂದರು ಶಿವಕಾಂತಮ್ಮ ಅಕ್ಕೋರು.

ರಶೀದಾಬೇಗಂಳ ಬಲಗೈ ಅವರ ತೊಡೆಯ ಮೇಲಿತ್ತು. ಬಳೆ ತೆಗೆದ ಮಣಿಕಟ್ಟು ಬೋಳಾಗಿತ್ತು. ಬಳೆ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದು, ಅದು ಬೇರೆ ಯಾರದೋ ಕೈ ಅನ್ನಿಸುತ್ತಿತ್ತು.

"ದಿನಾ ಜ್ವಾಳ ಬೀಸ್ತೀನ್ರಿ ಅಕ್ಕೋರೆ. ಅದರದ್ದೇ."

"ನಾನೂ ಬೀಸೀನಿ. ಗೂಟ ಹಿಡದ್ರ ಬೆರಳಿನ ಬುಡಕ್ಕ ದಡ್ಡು ಬರ್ತದ. ನಿಂದು ಅಂಗೈ ತಳದಾಗ ಅದ, ಮಣಿಕಟ್ಟಿನ ಹತ್ರ. ಏನೋ ಕಬ್ಬಿಣ ಒತ್ತಿ ಒತ್ತಿ ಬಂದದ್ದು."

ನಾನು ನನಗೇ ತಿಳಿಯದಂತೆ ನನ್ನ ಅಂಗೈ ನೋಡಿಕೊಂಡೆ. ಸೀಮೆಸುಣ್ಣದ ಪುಡಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮದುವೆಯಾಗಿ ಇನ್ನೂ ವರ್ಷ ತುಂಬದ, ಶಾಲೆಗೆ ಹೊಸದಾಗಿ ಸೇರಿದ ಕೈ ಅದು.

ಕಲ್ಲಿನ ಖಣಿಯ ನೀರಿನಲ್ಲಿ ರಶೀದಾಳ ಗಂಡ, ನೀರಿನ ತಳಕ್ಕಿಳಿದು ಕೆಲಸ ಮಾಡುವ ಗೋತಾಖೋರ ಬಂದೇನವಾಜ್ ಉಸಿರುಕಟ್ಟಿ ಸತ್ತು ಅಂದಿಗೆ ಮೂರನೆಯ ದಿನ. ಅವನ ಗಾಳಿಯ ಪೈಪನ್ನು ಸಡಿಲಿಸಿ ಕೊಂದನೆಂದು ಫಿಟ್ಟರ್ ಗುರುಲಿಂಗಯ್ಯನನ್ನು ಠಾಣೆಯಲ್ಲಿ ಕೂರಿಸಿದ್ದರು, ಮಧ್ಯಾಹ್ನದ ಗಾಡಿಗೆ ಕಲಬುರ್ಗಿ ಜೈಲಿಗೆ ಒಯ್ಯುವವರಿದ್ದರು.

ಅಮೀನ್ ಅಬ್ದುಲ್ ಮಜೀದ್ ಸಾಹೇಬರು ಶಹಾಬಾದದಲ್ಲಿ ಯಾರ ಮನೆಗಾದರೂ ನುಗ್ಗಬಲ್ಲ ಪೊಲೀಸ್ ಅಧಿಕಾರಿ. ಆದರೆ ಈ ಮನೆಯ ಪರದೆ ದಾಟುವಂತಿರಲಿಲ್ಲ. ರಶೀದಾ ಗಂಡ ಸತ್ತವರು ಪಾಲಿಸುವ ಇದ್ದತ್ತಿನಲ್ಲಿ ಕೂತಿದ್ದಳು. ಆ ಅವಧಿ ಮುಗಿಯುವ ತನಕ ಪರಪುರುಷರ ಎದುರಿಗೆ ಬರುವಂತಿಲ್ಲ. ಹೀಗಾಗಿ ಅವರು ನಮ್ಮ ಕನ್ಯಾಶಾಲೆಯ ಮುಖ್ಯ ಅಕ್ಕೋರನ್ನು ಕೇಳಿಕೊಂಡಿದ್ದರು. ಹಿಂದೆ ಎರಡು ಸಲ ಅವರು ಬಿಡಿಸಲಾಗದ ಗಂಟನ್ನು ಅಕ್ಕೋರು ಬಿಡಿಸಿಕೊಟ್ಟಿದ್ದರು.

ಈಗ ನೆನೆದರೆ ಆ ಬೆಳಗಿನ ಬಿಸಿಲೇ ಮೊದಲು ಕಣ್ಣಿಗೆ ಬರುತ್ತದೆ. ಆಗಿನ ಶಹಾಬಾದದಲ್ಲಿ ಬೇವಿನ ಎಲೆಯ ಮೇಲೂ ಕಲ್ಲಿನ ಬಿಳಿ ಧೂಳು ಕೂತಿರುತ್ತಿತ್ತು. ಮನೆಯ ನೆಲ ಫರ್ಶಿ ಕಲ್ಲು, ಮಾಡು ಫರ್ಶಿ, ಬಚ್ಚಲು ಫರ್ಶಿ, ಬಾಗಿಲ ಮುಂದಿನ ಕಟ್ಟೆಯೂ ಫರ್ಶಿ. ಉಳಿಯ ಸದ್ದು ಕೇಳದ ದಿನ ಊರಿಗೆ ಏನೋ ಆಗಿದೆ ಎಂದು ಹೆಂಗಸರು ಹೊರಗೆ ಬಂದು ನಿಲ್ಲುತ್ತಿದ್ದರು. ನಮ್ಮ ಶಾಲೆಯ ಹಲಗೆಯ ಮೇಲೆ ಕನ್ನಡ ಅಕ್ಷರದ ಬಣ್ಣ ಆಗ ಹೊಸದು; ಅದರ ಕೆಳಗೆ ಅಳಿಸಿದ ಉರ್ದು ಅಕ್ಷರ ಮಳೆಗಾಲದಲ್ಲಿ ಮತ್ತೆ ಮೂಡುತ್ತಿತ್ತು. ನಿಜಾಮರ ಆಳ್ವಿಕೆ ಮುಗಿದು, ಹೈದರಾಬಾದ್ ರಾಜ್ಯ ಇನ್ನೂ ನಕಾಶೆಯಲ್ಲಿ ಉಳಿದಿದ್ದ ಕಾಲ.

ಆ ಕಾಲದ ಹೆಂಗಸರ ಕೈಗಳನ್ನು ನಾನು ಮರೆತಿಲ್ಲ. ಮುಖ ಮುಚ್ಚಿಟ್ಟವರೂ ಕೈ ಮುಚ್ಚಿಡಲಾರದೆ ಹೋಗುತ್ತಿದ್ದರು.

"ಅಮೀನ ಕಳಿಸ್ಯಾನೇನು ನಿಮ್ಮನ್ನ?"

ಒಳಗಿನಿಂದ ಚಹಾ ತಂದಿಟ್ಟವಳು ಹಮೀದಾಬೇಗಂ, ಸತ್ತವನ ಸೋದರತ್ತೆ. ಮನೆಮಂದಿಗೆಲ್ಲ ಫುಪ್ಪು. ಹಲ್ಲು ಉದುರಿದ್ದವು, ನಾಲಿಗೆ ಮಾತ್ರ ಹರಿತವಾಗಿಯೇ ಉಳಿದಿತ್ತು.

"ಅವರೂ ಕಳಿಸ್ಯಾರ, ನಾನೂ ಬಂದೀನಿ," ಎಂದರು ಅಕ್ಕೋರು.

"ಹಂಗಾದ್ರ ಅರ್ಧ ಕಪ್ ಅಮೀನಂದು, ಅರ್ಧ ನಿಮ್ದು. ಕುಡೀರಿ. ಈ ಹುಡುಗಿ ಯಾರು? ಇಷ್ಟು ಬಡಕಲಿ, ಗಂಡ ಊಟಕ್ಕ ಹಾಕಂಗಿಲ್ಲೇನು?"

"ಲಲಿತಾ ಅಂತ. ನಮ್ಮ ಸಾಲ್ಯಾಗ ಅಕ್ಕೋರು. ಗಂಡ ವಾಡ್ಯಾಗ ರೈಲ್ವೆ ನೌಕರ."

"ರೈಲ್ವೆದವ್ರು ಮನ್ಯಾಗ ಎಲ್ಲಿರ್ತಾರ! ಅದಕ್ಕ ಒಣಗ್ಯಾಳ," ಎಂದು ಫುಪ್ಪು ಗೋಡೆಗೆ ಒರಗಿ ಕೂತಳು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಬೆಳಗ್ಗೆ ನಾನು ಗಂಡನನ್ನು ಮಾತಾಡಿಸದೆ ಕಳಿಸಿದ್ದೆ. ಬುತ್ತಿಯ ಡಬ್ಬಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋಗಿದ್ದೆ. ಯಾಕೆ ಮುನಿಸು ಎಂಬುದು ಈಗ ನೆನಪಿಲ್ಲ. ಡಬ್ಬಿ ಕುಕ್ಕಿದ ಸದ್ದು ನೆನಪಿದೆ.

ಅಕ್ಕೋರು ಚಹಾ ಮುಟ್ಟಲಿಲ್ಲ. ಅವರ ಕಣ್ಣು ಮೂಲೆಯ ಕಡೆ ಹೋಗಿತ್ತು.

ಅಲ್ಲಿ ಹಳೆಯ ಚಾದರದ ಕೆಳಗೆ ಗುಂಡಗೆ ಏನೋ ಇತ್ತು. ಯಾರೋ ತಲೆ ತಗ್ಗಿಸಿ ಕೂತ ಹಾಗೆ.

"ಅದೇನು ತಂಗಿ?"

"ಅವರು ನೀರಿಗಿಳಿಯೋ ಟೋಪಿ," ಎಂದಳು ರಶೀದಾ. "ಅವರ ಮೈಯಿತ್ತು ಹೊತ್ತು ತಂದಾಗ ಅದರ ಜೊತಿನ ಮನಿಗಿ ಬಂತು. ಅವತ್ತಿಂದ ಯಾರೂ ಮುಟ್ಟಿಲ್ಲ."

ಅಕ್ಕೋರು ನನ್ನ ಕಡೆ ನೋಡಿದರು. ಇದನ್ನೇ ಅವರು ಹುಡುಕಿಕೊಂಡು ಬಂದಿದ್ದರು.

ಬರುವ ದಾರಿಯಲ್ಲಿ ಖಣಿಯ ದಂಡೆಗೆ ಹೋಗಿದ್ದೆವು. ಗುತ್ತೇದಾರ ಅಮೃತಪ್ಪನ ಖಣಿ ಅದು. ಬುಗ್ಗೆ ಒಡೆದು ನೀರು ತುಂಬಿ, ನೀರೆತ್ತುವ ಇಂಜಿನ್ನೇ ಮುಳುಗಿಹೋಗಿತ್ತು. ಅದಕ್ಕೆ ಸರಪಳಿ ಕಟ್ಟಲು ಬಂದೇನವಾಜ್ ಇಳಿದಿದ್ದ. ಆ ನೀರು ಎಷ್ಟು ನೀಲಿ, ಎಷ್ಟು ನಿಶ್ಚಲ! ಕತ್ತರಿಸಿದ ಕಲ್ಲಿನ ಗೋಡೆಗಳ ನಡುವೆ ಆಕಾಶದ ಒಂದು ತುಂಡು ಬಿದ್ದಂತಿತ್ತು. ದಂಡೆಯ ಮೇಲೆ ಗಾಳಿ ಪಂಪಿನ ಚಕ್ರ ತಿರುಗಿಸುತ್ತಿದ್ದ ಮಶಾಕ ಸಿಕ್ಕಿದ್ದ. ನಡುವಯಸ್ಸಿನ ಆಳು, ಮೂರು ದಿನದಿಂದ ಗಡ್ಡ ಕೆರೆದಿರಲಿಲ್ಲ.

"ಚಕ್ರ ಹ್ಯಾಂಗ ತಿರುಗ್ತಿತ್ತಪಾ ಆಗ?" ಎಂದು ಅಕ್ಕೋರು ಕೇಳಿದ್ದರು.

"ಭಾರ ಆತ್ರಿ. ಸುರುವಿಗೆ ಸಲೀಸಿತ್ತು, ಬರಬರ್ತಾ ಭಾರ ಆತು. ಆಮ್ಯಾಲ ಕಲ್ಲಾಗಿ ಕುಂತುಬಿಡ್ತು."

"ಪಂಪಿನ ಬಾಜೂಕಿನ ನಟ್ಟು ಸಡಿಲಿತ್ತಂತಲ್ಲ?"

"ಅದು ನಾವ ಗಾಬರಿಲೆ ಬಿಚ್ಚಿದ್ದಿರಬೇಕ್ರಿ, ಗಾಳಿ ಬರ್ತದೋ ಇಲ್ಲೋ ನೋಡಾಕ. ಅಮೀನಸಾಹೇಬ್ರು ಕೇಳಲೇ ಇಲ್ಲ. ಅವರನ್ನ ಮ್ಯಾಲ ಎಳದ ಮ್ಯಾಲ ಟೋಪಿ ಬಿಚ್ಚಾಕ ತೊಡಕಾತಂತ ಪೈಪು ಕುಡಗೋಲಿಲೆ ಕೊಯ್ದಿವ್ರಿ."

ಅಲ್ಲಿಂದ ಹೊರಟ ಮೇಲೆ ಅಕ್ಕೋರು ಕೊಡೆ ಬಿಚ್ಚುತ್ತ ಕೇಳಿದ್ದರು: "ಲಲಿತಾ, ನಿನ್ನ ಪಂಪ್ ಸ್ಟೋವಿನ ಬಾಯಿ ಕಟ್ಟಿದ್ರ ಪಂಪು ಹ್ಯಾಂಗಾಗ್ತದ?"

"ಬಿಗಿ ಆಗ್ತದ್ರಿ. ಒತ್ತಾಕ ಬರಂಗಿಲ್ಲ."

"ಎಲ್ಲ್ಯಾದ್ರೂ ಸಡಿಲಿದ್ರ?"

"ಹಗುರ. ಸುಮ್ಮನ ಹೋಗಿ ಬರ್ತದ."

"ಹಂಗಾದ್ರ ಎಲ್ಲಿಯೂ ಸಡಿಲ ಇರಲಿಲ್ಲ. ಎಲ್ಲೋ ಕಟ್ಟಿತ್ತು. ಎಲ್ಲರೂ ಸಡಿಲಾದದ್ದನ್ನ ಹುಡುಕಾಕತ್ತಾರ."

ಅಷ್ಟು ಹೇಳಿ ಅವರು ಬೇರೆ ಮಾತಾಡಿರಲಿಲ್ಲ. ಈಗ, ಈ ಕೋಣೆಯಲ್ಲಿ, ಅವರು ರಶೀದಾಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಆ ಟೋಪಿಗಿ ಪೈಪು ಕೂಡಿಸೋ ನಟ್ಟು ಅದಲ್ಲ, ಅದನ್ನ ಎಲ್ಲಿ ಬಿಗೀತಿದ್ರು? ಖಣ್ಯಾಗೋ, ಮನ್ಯಾಗೋ?"

"ಮನ್ಯಾಗ. ಬೆಳಗ್ಗೆ ಬಿಗದು, ಗುರುಲಿಂಗಯ್ಯನ ಮಗ ತರೋ ಬಂಡ್ಯಾಗ ಇಡತಿದ್ರು."

"ಬಿಗೀತಿದ್ದವರು ಯಾರು?"

ರಶೀದಾ ಕೈ ಎಳೆದುಕೊಳ್ಳಲು ನೋಡಿದಳು.

"ಬಂದೇನವಾಜ್ ಬೀಡಿ ಎಡಗೈಲೆ ಹಿಡೀತಿದ್ರು ಅಂತ ಮಶಾಕ ಹೇಳಿದ. ಎಡಚ ಅಂತ ಮಂದಿ ನಗ್ತಿದ್ರಂತ. ಹುಟ್ಟಿನಿಂದ ಎಡಚ ಏನು ಅವರು?"

"ಅಕ್ಕೋರೆ, ಸತ್ತವರ ಸುದ್ದಿ ಯಾಕ?"

"ಬದುಕಿದವ ಒಬ್ಬ ಜೇಲಿಗೆ ಹೊಂಟಾನ, ಅದಕ್ಕ. ಗುರುಲಿಂಗಯ್ಯನ ಹೆಂಡತಿ ಬೆಳಗ್ಗಿಂದ ನಮ್ಮ ಸಾಲಿ ಕಟ್ಟಿ ಮ್ಯಾಲ ಕುಂತಾಳ. ಅಳವಲ್ಲಳು, ನೀರು ಕುಡಿವಲ್ಲಳು. ನಾ ತಿರುಗಿ ಹೋದ ಮ್ಯಾಲ ಆಕಿಗಿ ಏನರೆ ಹೇಳಬೇಕಲ್ಲ ತಂಗಿ."

ರಶೀದಾಳಿಗೆ ಒಮ್ಮೆಗೇ ಮಾತು ಬಂತು.

"ಅವರ ಕೈ ಹೋಗಿತ್ರಿ. ಬಂಬೈ ಬಂದರದಾಗ ಇದ್ದಾಗಿಂದನ. ನೀರಿನ ತಳದಾಗ ಭಾಳ ದಿನ ದುಡದವರಿಗಿ ಕೀಲು ಹಿಡೀತಾವಂತ. ಬಲಗೈ ಬೆರಳು ಮಡಚಾಕ ಬರ್ತಿರಲಿಲ್ಲ. ತಿಳಿದ್ರ ಯಾರು ನೀರಿಗಿ ಇಳಿಸ್ತಾರ? ಎಡಚ ಅಂತ ನಗಲಿ ಬಿಡು ಅಂತಿದ್ರು. ನಟ್ಟು ನಾ ಬಿಗೀತಿದ್ದೆ. ಈ ಊರಿಗಿ ಬಂದಾಗಿಂದ ನಾನ."

"ಹ್ಯಾಂಗ ಬಿಗೀತಿದ್ದಿ?"

ಆ ಪ್ರಶ್ನೆಗೆ ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಹೊಸ ಮದುವಣಗಿತ್ತಿಯ ಅಡುಗೆ ಯಾರೋ ಮೊದಲ ಸಲ ಹೊಗಳಿದ ಹಾಗೆ, ನಾಚಿಕೆಗೂ ಹೆಮ್ಮೆಗೂ ನಡುವಿನ ಒಂದು ಬೆಳಕು.

"ಮೊದಲು ನಟ್ಟಿನ ಒಳಗಿನ ಗೆರಿ ತೊಳೀಬೇಕು. ಉಸುಕಿನ ಒಂದು ಹರಳು ಸೈತ ಇರಬಾರದು. ಒಳಗ ಚರ್ಮದ ವಾಶರ್ ಇರ್ತದ, ಅದಕ್ಕ ಶೇಂಗಾ ಎಣ್ಣಿ ಉಣಿಸಿ ಮೆತ್ತಗ ಮಾಡಬೇಕು. ಆಮ್ಯಾಲ ಬರೇ ಬೆರಳಿಲೆ ತಿರುಗಿಸಬೇಕು, ನಟ್ಟು ಬಿಗಿಯೋ ಪಾನಾ ಮುಟ್ಟಬಾರದು. ಅದು ತಾನ ಹೋಗಿ ಕೂಡ್ತದ. ಕುಂತ ಮ್ಯಾಲ ಸಣ್ಣ ಪಾನಾ ಹಚ್ಚಿ ಇಷ್ಟ ಇಷ್ಟು ಎಳೀಬೇಕು. ಬಾಗಿಲಿಗಿ ಚಿಲಕ ಹಾಕಿದಂಗ. 'ಬೇಗಂ, ನಟ್ಟಿಗಿ ಸಿಟ್ಟು ತೋರಿಸಬ್ಯಾಡ' ಅಂತಿದ್ರು. ಭಾಳ ಬಿಗಿದ್ರ ಚರ್ಮ ನಲುಗತದ, ನಲುಗಿದ್ದು ಹರೀತದ, ಹರಿದದ್ದು ಒಳಗ ಜೋತುಬಿದ್ದು ಗಾಳಿ ದಾರಿಗಿ ಅಡ್ಡ ಬರ್ತದ. ಸಡಿಲಿದ್ರ ಗುಳ್ಳಿ ಬಂದು ತೋರಿಸ್ತದ, ಬಿಗಿ ಆದದ್ದು ಸುಳಿವು ಕೊಡಂಗಿಲ್ಲ ಅಂತಿದ್ರು. ಎಲ್ಲಾ ಆದಮ್ಯಾಲ ನೀರಿನ ಬಾನ್ಯಾಗ ಅದ್ದಿ ಊದಿ ನೋಡ್ತಿದ್ದೆ. ಗುಳ್ಳಿ ಬರಲಿಲ್ಲಂದ್ರ ಅವರು ನನ್ನ ತಲಿ ಮ್ಯಾಲ ಎಡಗೈ ಇಟ್ಟು ಹೋಗ್ತಿದ್ರು."

ಅವಳು ತನ್ನ ನೆತ್ತಿ ಮುಟ್ಟಿಕೊಂಡಳು. ಮುಟ್ಟಿದ್ದು ತಿಳಿಯಲಿಲ್ಲ ಅವಳಿಗೆ.

"ಆವತ್ತು?"

"ಆವತ್ತು ಸಿಟ್ಟಿತ್ರಿ." ಧ್ವನಿ ನೆಲಕ್ಕೆ ಇಳಿಯಿತು. "ಈ ಇಂಜಿನ್ ಆದಮ್ಯಾಲ ಸಾಕು, ಅಂಗಡಿ ಹಾಕ್ಕೊಂಡು ಕುಂದ್ರತೀನಿ ಅಂದಿದ್ರು. ಬೆಳಗ್ಗೆ ಎದ್ದು, ಇನ್ನೊಂದು ಖಣಿಗಿ ಒಪ್ಕೊಂಡೀನಿ ಅಂದ್ರು. 'ಹಂಗಾದ್ರ ಹೋಗ್ರಿ, ಅಲ್ಲೇ ನೀರಾಗ ಮನಿ ಮಾಡ್ರಿ' ಅಂದೆ. ಅಂದು ನಟ್ಟು ಎಳದೆ. ಎಷ್ಟು ಎಳದೆ ನನಗ ನೆನಪಿಲ್ಲ. ಬಾನ್ಯಾಗ ಅದ್ದಲಿಲ್ಲ. ಅವರು ಕೈ ಇಡಾಕ ಬಂದ್ರ ತಲಿ ತಗದೆ."

ಫುಪ್ಪು ಗೋಡೆಯ ಕಡೆಯಿಂದ "ಯಾ ಅಲ್ಲಾ" ಎಂದಳು.

"ಗುರುಲಿಂಗಯ್ಯ ಏನೂ ಮಾಡಿಲ್ರಿ. ನಾ ಕೊಂದೀನಿ. ಹೇಳಬೇಕಂತ ಬಾಯಿಗಿ ಬರ್ತದ. ಹೇಳಿದ್ರ, ಕೈ ಇಲ್ಲದ ಗೋತಾಖೋರ ಹೆಂಗಸಿನ ಕೈಲೆ ನಟ್ಟು ಬಿಗಿಸ್ಕೊಂಡು ನೀರಿಗಿಳೀತಿದ್ದ ಅಂತ ಊರಾಗ ಆಡ್ಕೋತಾರ. ಅವರು ಇಷ್ಟು ವರ್ಷ ಮುಚ್ಚಿಟ್ಟದ್ದು ನಾ ಹ್ಯಾಂಗ ಬಿಚ್ಚಲಿ?"

ನಾನು ಬಾಗಿಲ ಪರದೆಯ ಕಡೆ ನೋಡುತ್ತಿದ್ದೆ. ಕಟ್ಟೆಯ ಮೇಲೆ ಕುಕ್ಕಿದ ಡಬ್ಬಿ, ತಿರುಗಿ ನೋಡದ ನನ್ನ ಬೆನ್ನು. ವಾಡಿಯ ಯಾರ್ಡಿನಲ್ಲಿ ರೈಲಿನ ಡಬ್ಬಿಗಳನ್ನು ಜೋಡಿಸುವ ಕೆಲಸ ನನ್ನ ಗಂಡನದು; ಎರಡು ಬಂಡಿಗಳ ನಡುವೆ ನಿಂತು ಕೊಂಡಿ ಹಾಕಬೇಕು. ಸಂಜೆ ಅವರು ಬರುವ ತನಕ ಈ ಹೆಂಗಸಿನ ಮುಖ ನನ್ನ ಕಣ್ಣ ಮುಂದಿಂದ ಹೋಗುವುದಿಲ್ಲ ಎಂದು ಆಗಲೇ ತಿಳಿದಿತ್ತು.

ಅಕ್ಕೋರು ಮಾತ್ರ ಸಮಾಧಾನ ಹೇಳಲಿಲ್ಲ. ಅವರು ಗಂಡನನ್ನು ಕಳೆದುಕೊಂಡಾಗ ಅವರಿಗೆ ಸಮಾಧಾನ ಹೇಳಿದವರೆಲ್ಲರ ಮೇಲೆ ಅವರಿಗೆ ಇನ್ನೂ ಮುನಿಸಿತ್ತು.

"ನೋಡೀಯೇನು ನೀ?" ಎಂದು ಕೇಳಿದರು.

"ಏನನ್ನ?"

"ಆ ನಟ್ಟನ್ನ."

"ಹ್ಯಾಂಗ ನೋಡ್ಲಿ? ಮುಟ್ಟಾಕ ಧೈರ್ಯ ಇಲ್ಲ."

"ಹಂಗಾದ್ರ ಕೊಂದೀನಿ ಅಂತ ಹ್ಯಾಂಗ ಹೇಳ್ತಿ? ಲಲಿತಾ, ಚಾದರ ತಗಿ."

ತೆಗೆದೆ. ತಾಮ್ರದ ದೊಡ್ಡ ಗುಂಡು, ಮುಂದೆ ದುಂಡನೆಯ ಗಾಜು. ಗಾಜಿನಲ್ಲಿ ನಮ್ಮ ನಾಲ್ವರ ಮುಖಗಳೂ ಸಣ್ಣಗೆ ಕಂಡವು. ಹಿಂಭಾಗದಲ್ಲಿ ಹಿತ್ತಾಳೆಯ ನಟ್ಟು. ಅದರಿಂದ ಗೇಣುದ್ದ ರಬ್ಬರ್ ಪೈಪು ಕೊಯ್ದ ಬಾಯಿ ತೆರೆದುಕೊಂಡು ಜೋತಾಡುತ್ತಿತ್ತು. ಒಳಗಿನಿಂದ ಇನ್ನೂ ಖಣಿಯ ನೀರಿನ ವಾಸನೆ ಬರುತ್ತಿತ್ತು.

"ಕಸಬರಿಗಿದು ಒಂದು ಕಡ್ಡಿ ಕೊಡ್ರಿ ಫುಪ್ಪು."

ಅಕ್ಕೋರು ಕಡ್ಡಿಯನ್ನು ಪೈಪಿನ ಬಾಯಿಯಿಂದ ಒಳಗೆ ಬಿಟ್ಟರು. ಸರಾಗವಾಗಿ ಹೋಯಿತು. ನಟ್ಟಿನ ಹತ್ತಿರ ನಿಂತಿತು. ತಿರುವಿದರು, ಒತ್ತಿದರು. ಕಡ್ಡಿ ಬಾಗಿತೇ ಹೊರತು ಮುಂದೆ ಹೋಗಲಿಲ್ಲ. ಮೆತ್ತನೆಯದೇನೋ ಒಳಗೆ ಅಡ್ಡ ಬಿದ್ದಿತ್ತು.

ರಶೀದಾ ಕಣ್ಣು ಮುಚ್ಚಿಕೊಂಡಳು. "ಹೇಳಿದೆನಲ್ಲ. ವಾಶರ್ ಹರದದ. ನನ್ನ ಸಿಟ್ಟು ಅದು."

"ನಿನ್ನ ಪಾನಾ ಎಲ್ಲದ?"

ಅದು ಅಕ್ಕಿಯ ಡಬ್ಬದ ಹಿಂದೆ, ಕೂಸಿನ ಕುಂಚಿಗೆಯಷ್ಟು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು. ಗಿಡ್ಡನೆಯ ಪಾನಾ, ಹಿಡಿಯುವ ಕಡೆ ಸವೆದು ಹೊಳೆಯುತ್ತಿತ್ತು.

"ಬಿಚ್ಚು."

"ನಾನಾ?"

"ನೀ ಬಿಗದೀ ಅಂದ ಮ್ಯಾಲ ನೀನ ಬಿಚ್ಚಬೇಕು."

ರಶೀದಾ ಟೋಪಿಯನ್ನು ಮಡಿಲಿಗೆ ಎಳೆದುಕೊಂಡಳು. ಮೂರು ದಿನದ ಹೆದರಿಕೆ ಕೈಯ ರೂಢಿಯ ಮುಂದೆ ಒಂದು ಕ್ಷಣ ಹಿಂದೆ ಸರಿಯಿತು. ಪಾನಾ ಹಚ್ಚಿದಳು, ಎಳೆದಳು.

ನಟ್ಟು ಅಲುಗಲಿಲ್ಲ.

ಮೊಣಕಾಲಿನಿಂದ ಟೋಪಿಯನ್ನು ಒತ್ತಿ ಹಿಡಿದು ಎಳೆದಳು. ಎದ್ದು ನಿಂತು, ಮೈಭಾರ ಹಾಕಿ ಎಳೆದಳು. ಸೆರಗು ಜಾರಿತು, ಕೊರಳಿನ ನರ ಉಬ್ಬಿದವು. ಪಾನಾ ಜಾರಿ ಬೆರಳಿನ ಗೆಣ್ಣು ಕಿತ್ತು ರಕ್ತ ಬಂತು. ನಟ್ಟು ಕೂತಲ್ಲೇ ಇತ್ತು.

"ಸಿಟ್ಟಿಲೆ ಎಳಿ ತಂಗಿ. ಆವತ್ತಿನಷ್ಟ ಸಿಟ್ಟಿಲೆ."

ರಶೀದಾ ಹಲ್ಲು ಕಚ್ಚಿ ಎಳೆದಳು. ಬಾಯಿಂದ ಒಂದು ಸದ್ದು ಬಂತು, ಅಳುವೂ ಅಲ್ಲ, ಕೂಗೂ ಅಲ್ಲ. ಆಮೇಲೆ ಅವಳು ಕೈ ಬಿಟ್ಟು ನಟ್ಟಿನ ಮೇಲೆ ಬಗ್ಗಿ ನೋಡಿದಳು. ಬೆರಳಿನಿಂದ ಸವರಿದಳು. ಮತ್ತೆ ಸವರಿದಳು.

"ಅಕ್ಕೋರೆ. ಇಲ್ಲಿ ಹಲ್ಲಿನ ಗುರ್ತು ಅವ."

ಹಿತ್ತಾಳೆಯ ಮೈಮೇಲೆ ಸಾಲಾಗಿ ಕಚ್ಚಿದ ಗಾಯಗಳು, ಹೊಳೆಯುವ ಹೊಸ ಗಾಯಗಳು.

"ನನ್ನ ಪಾನಾಕ್ಕ ಹಲ್ಲು ಇಲ್ಲ," ಎಂದಳು ಅವಳು ನಿಧಾನಕ್ಕೆ. "ಇದು ನೀರಿನ ಕೊಳವಿ ಬಿಗಿಯೋ ದೊಡ್ಡ ಪಾನಾದ್ದು. ಅದು ಈ ಮನ್ಯಾಗ ಎಂದೂ ಬಂದಿಲ್ಲ."

"ಮತ್ತ?"

"ಇದು ನನ್ನ ಕೈ ಬಿಗದದ್ದಲ್ಲ." ನಮ್ಮಲ್ಲಿ ಯಾರಿಗೂ ಹೇಳುತ್ತಿರಲಿಲ್ಲ ಅವಳು. "ನನ್ನ ಕೈಲೆ ಇಷ್ಟು ಆಗಂಗಿಲ್ಲ. ಎಷ್ಟ ಸಿಟ್ಟಿದ್ರೂ ಆಗಂಗಿಲ್ಲ."

ಆಗ ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು ಎಂದು ಫುಪ್ಪು ಆಮೇಲೆ ಹೇಳಿದಳು. ತಪ್ಪು ಹೊತ್ತುಕೊಂಡವಳಿಗೆ ದುಃಖಕ್ಕೆ ಕೈ ಖಾಲಿ ಇರಲಿಲ್ಲ. ಅದನ್ನು ಇಳಿಸಿದ ಮೇಲೆಯೇ ಅವಳು ವಿಧವೆಯಾದಳು.

ಅಕ್ಕೋರು ಅವಳನ್ನು ಅಳಲು ಬಿಟ್ಟರು. ಗೆಣ್ಣಿನ ರಕ್ತಕ್ಕೆ ನಾನು ಅರಿಶಿಣ ತಂದೆ. ಆ ಅಡುಗೆಮನೆಯ ಡಬ್ಬಗಳು ನನ್ನ ತವರಿನ ಡಬ್ಬಗಳ ಹಾಗೆಯೇ ಇದ್ದವು, ಸೇಡಂ ಸಂತೆಯಲ್ಲಿ ಕೊಂಡ ಅದೇ ತಗಡಿನ ಡಬ್ಬಗಳು. ಅರಿಶಿಣ ಎಡಗಡೆ, ಜೀರಿಗೆ ಬಲಗಡೆ.

"ಬಂಡ್ಯಾಗ ಇಟ್ಟಾಗಿಂದ ನೀರಿಗಿಳಿಯೋ ತನಕ ಯಾರೋ ಇದನ್ನ ಮತ್ತ ಬಿಗದಾರ," ಎಂದರು ಅಕ್ಕೋರು. "ಕೊಲ್ಲಬೇಕಂತನ ಬಿಗದ್ರೋ, ಇಲ್ಲ..."

"ಕೊಲ್ಲಾಕ ಬಿಗೀತಾರೇನ್ರಿ ಯಾರರ?" ಎಂದೆ ನಾನು. "ಕೊಲ್ಲಾವ ಸಡಿಲ ಮಾಡ್ತಾನ."

"ಹೌದು. ಇಲ್ಲಿ ಖಣಿಯವರ ರೂಢಿ ನೋಡೀಯಲ್ಲ. ನೀರಿನ ಕೊಳವಿ ಇದ್ರ ಸೆಣಬಿನ ಎಳಿ ಸುತ್ತಿ, ಪಾನಾಕ್ಕ ಜೋತುಬಿದ್ದು ಬಿಗೀತಾರ. ಬಿಗದಷ್ಟು ಚಲೋ ಅಂತ ಕೈಗಿ ಕೂತುಬಿಟ್ಟದ. ಗಾಳಿ ಪೈಪಿನ ಲೆಕ್ಕ ಬ್ಯಾರೆ ಅಂತ ಬಂದೇನವಾಜ್‌ನ ಜೊತಿ ಇದ್ದ ಗುರುಲಿಂಗಯ್ಯಗ ಗೊತ್ತು. ಉಳಿದವರಿಗಿ ಗೊತ್ತಿಲ್ಲ." ಅವರು ನನ್ನನ್ನೇ ನೋಡಿದರು. "ಈಗ ಹೇಳು. ಹಂಥ ಒಬ್ಬ ಗಂಡಸಿಗಿ, ಈ ನಟ್ಟು ಬಿಗದದ್ದು ಹೆಂಗಸಿನ ಕೈ ಅಂತ ತಿಳಿದಿತ್ತಂ­ದ್ರ ಏನು ಮಾಡ್ತಿದ್ದ?"

ಉತ್ತರ ನನ್ನ ಬಾಯಿಗೆ ತಾನಾಗಿ ಬಂತು. ನಾನು ಕಟ್ಟಿದ ಗಂಟನ್ನು ಮನೆಯಲ್ಲಿ ಗಂಡ ಎಷ್ಟು ಸಲ ಬಿಚ್ಚಿ ಮತ್ತೆ ಕಟ್ಟಿದ್ದರು! ನಾನು ಹಾಕಿದ ಕೀಲಿಯನ್ನು ಎಷ್ಟು ಸಲ ಎಳೆದು ನೋಡಿದ್ದರು!

"ಮ್ಯಾಲ ಇನ್ನೊಂದು ಸುತ್ತು ಬಿಗೀತಿದ್ದ."

ಹೊರಗೆ ಬೂಟಿನ ಸದ್ದಾಯಿತು. ಕೆಮ್ಮು ಕೇಳಿತು. ರಶೀದಾ ಸೆರಗು ಎಳೆದುಕೊಂಡು ಪರದೆಯ ಹಿಂದೆ ಸರಿದಳು.

"ಅಸ್ಸಲಾಮು ಅಲೈಕುಂ," ಎಂದರು ಅಮೀನಸಾಹೇಬರು ಅಂಗಳದಿಂದ. ಬೆನ್ನು ನಮ್ಮ ಕಡೆ ಮಾಡಿ ನಿಂತಿದ್ದರು. "ಅಕ್ಕೋರೆ, ರೈಲ್ವೆ ಟೇಶನ್‌ಗೆ ಹೊಂಟೀನಿ. ಹಾದ್ಯಾಗ ನಿಮ್ಗ ಹೇಳಿ ಹೋಗಬೇಕಂತ ಬಂದೆ."

ಅಕ್ಕೋರು ಬಾಯಿ ತೆರೆಯುವ ಮುಂಚೆ ಪರದೆಯ ಹಿಂದಿನಿಂದ ದನಿ ಬಂತು. ಒಡೆದ ದನಿಯಾಗಿದ್ದರೂ ನಡುಗಲಿಲ್ಲ.

"ಅಮೀನಸಾಬ್, ಮೊದಲು ನನ್ನ ಮಾತು ಕೇಳ್ರಿ. ಅವರ ಬಲಗೈ ಕೆಲಸ ಮಾಡ್ತಿರಲಿಲ್ಲ. ಟೋಪಿ ನಟ್ಟು ನಾ ಬಿಗೀತಿದ್ದೆ. ಆವತ್ತೂ ನಾನ ಬಿಗದೆ. ಊರಾಗ ಡಂಗುರ ಹೊಡಸ್ತೀರೋ, ಕೋರ್ಟಿನ್ಯಾಗ ನಿಲ್ಲಿಸ್ತೀರೋ, ನಿಮ್ಮ ಇಷ್ಟ. ಆದ್ರ ಗುರುಲಿಂಗಯ್ಯನ್ನ ಗಾಡಿ ಹತ್ತಿಸಬ್ಯಾಡ್ರಿ."

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳು ಹಗಲು ಬೆಳಕಿನಲ್ಲಿ ಇಟ್ಟುಬಿಟ್ಟಿದ್ದಳು. ಅಮೀನಸಾಹೇಬರ ಬೆನ್ನು ಅಲುಗಲಿಲ್ಲ. ಅವರು ತಮ್ಮ ಪೊಲೀಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬೇಗಂಸಾಬ್, ನೀವು ಇದನ್ನ ಹೇಳೋ ಜರೂರತ್ ಇರಲಿಲ್ಲ. ಈಗ ನಾ ಇಲ್ಲಿ ಬರೋ ಮುಂಚೆ ಗುರುಲಿಂಗಯ್ಯ ಗುನ್ಹೆ ಕಬೂಲ್ ಮಾಡ್ಯಾನ."

ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ಗುರುಲಿಂಗಯ್ಯನ ಹೆಂಡತಿಯ ಮುಖ ನನ್ನ ಕಣ್ಣ ಮುಂದೆ ಬಂತು.

"ಏನಂತ ಕಬೂಲ್ ಮಾಡ್ಯಾನ?" ಅಕ್ಕೋರ ದನಿ ಏರಲಿಲ್ಲ.

"ಪಂಪಿನ ಬಾಜೂಕಿನ ನಟ್ಟು ನಾನ ಸಡಿಲ ಮಾಡಿದೆ, ಹಗೆತನಕ್ಕ ಮಾಡಿದೆ ಅಂದ."

"ಸುಳ್ಳು," ಎಂದಳು ಪರದೆಯ ಹಿಂದಿನವಳು.

"ಇನ್ನೇನರೆ ಅಂದಾನೇನು?"

ಅಮೀನಸಾಹೇಬರು ಕೈಯಲ್ಲಿನ ಟೋಪಿ ತಿರುವಿದರು. ಈ ಮಾತು ಅವರಿಗೂ ನುಂಗಲು ಬಂದಿರಲಿಲ್ಲ. "ಒಂದು ವಿನಂತಿ ಮಾಡ್ಕೊಂಡ. ಬಂದೇನವಾಜ್‌ನ ಟೋಪಿ ಯಾರೂ ಬಿಚ್ಚಬಾರದು, ಹಂಗ ಖಣಿ ನೀರಿಗಿ ಬಿಟ್ಟುಬಿಡ್ರಿ ಅಂದ. ದೋಸ್ತನ ನೆನಪು ನೋಡಾಕ ಆಗಂಗಿಲ್ಲಂತ."

ಅಕ್ಕೋರು ನನ್ನ ಕೈ ಹಿಡಿದರು. ಆ ನಟ್ಟಿನೊಳಗೆ ಏನಾಗಿದೆ ಎಂದು ಗುರುಲಿಂಗಯ್ಯನಿಗೆ ಗೊತ್ತಿತ್ತು. ಯಾರನ್ನೋ ಉಳಿಸಲು, ತನ್ನ ಕೊರಳು ಕೊಟ್ಟಾದರೂ ಅವನು ಅದನ್ನು ಮುಚ್ಚಬೇಕಾಗಿತ್ತು.

ಅವರು ಪರದೆ ಸರಿಸಿ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

"ರಶೀದಾ, ಈಗ ಮುಚ್ಚುಮರೆ ಬ್ಯಾಡ. ನಿನ್ನ ಕೈ ಬಿಗೀತಿತ್ತು ಅನ್ನೋದು ಗುರುಲಿಂಗಯ್ಯಗ ಗೊತ್ತಿತ್ತೇನು?"

"ಇಲ್ರಿ. ಕುರಾನ್ ಮುಟ್ಟಿ ಹೇಳ್ತೀನಿ. ಅವರು ಹೇಳಿದವರಲ್ಲ, ನಾ ಹೇಳಿದಕಿ ಅಲ್ಲ. ಈ ಗ್ವಾಡಿ ಬಿಟ್ಟು ಮಾತು ಹೊರಗ ಹೋಗಿಲ್ಲ."

"ಗ್ವಾಡಿ ಒಳಗ ಯಾರ‍್ಯಾರು ಇದ್ರಿ?"

ರಶೀದಾಳ ಕಣ್ಣು ನಮ್ಮನ್ನು ದಾಟಿ, ಸರಿಸಿದ ಪರದೆಯ ಆಚೆ ಗೋಡೆಯ ಕಡೆ ಹೋಯಿತು.

ಬಂದಾಗಿನಿಂದ ಒಂದು ಮಾತನ್ನೂ ಬಿಡದೆ ನಡುವೆ ಬಾಯಿ ಹಾಕುತ್ತಿದ್ದ ಫುಪ್ಪು, ಅಮೀನಸಾಹೇಬರು ಬಂದ ಮೇಲೆ ತುಟಿ ಬಿಚ್ಚಿರಲಿಲ್ಲ. ಗೋಡೆಗೆ ಒರಗಿದವಳು ಈಗ ನೆಟ್ಟಗೆ ಕೂತಿದ್ದಳು.

"ಹಂಗ್ಯಾಕ ನೋಡ್ತೀರಿ ನನ್ನ?" ಎಂದಳು ಅವಳು, ಹೊರಗೆ ನಿಂತವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. "ನಾ ಹೇಳಿದ್ದು ಗುರುಲಿಂಗಯ್ಯಗ ಅಲ್ಲ. ಬಂಡಿ ತರ್ತಿದ್ದ ಅವನ ಮಗಗ."